ಯೆಹೂದ್ಯರ ಮತ್ತು ಮುಸಲ್ಮಾನರ ಆಹಾರವಿಧಿಗಳು

ಒಂದು ಜನಾಂಗದ ಚರಿತ್ರೆಯನ್ನು ಅರಿಯಲು ಅದರ ಅರಸರ ವಂಶಾವಳಿಯಷ್ಟೇ ಅದರ ಅಡಿಗೆಮನೆಯೂ ನೆರವಾಗುತ್ತದೆ. ಯಾರು ಏನನ್ನು ಉಣ್ಣುತ್ತಾರೆ, ಏನನ್ನು ತೊರೆಯುತ್ತಾರೆ, ಯಾರೊಡನೆ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಾರೆ ಎಂಬುದರಲ್ಲಿ ಸಮಾಜದ ಕಟ್ಟು ಅಡಗಿದೆ. ಪಶ್ಚಿಮ ಏಷ್ಯದಲ್ಲಿ ಉದಿಸಿದ ಯೆಹೂದಿ ಮತ್ತು ಇಸ್ಲಾಂ ಧರ್ಮಗಳ ಆಹಾರವಿಧಿಗಳನ್ನು ಜೊತೆಗಿಟ್ಟು ನೋಡಿದರೆ ಈ ಮಾತು ಮನದಟ್ಟಾಗುತ್ತದೆ.

ಯೆಹೂದ್ಯರ ವಿಧಿಗಳಿಗೆ ತೋರಾ ಮೂಲ. ಗೊರಸು ಸೀಳಿರಬೇಕು, ಮೆಲುಕೂ ಹಾಕಬೇಕು. ಅಂಥ ಪ್ರಾಣಿ ಮಾತ್ರ ಭೋಜ್ಯವೆಂದು ಲೇವಿಯಕಾಂಡದ 11ನೆಯ ಅಧ್ಯಾಯ ವಿಧಿಸುತ್ತದೆ. ಹಂದಿಗೆ ಮೆಲುಕಿಲ್ಲ, ಒಂಟೆಗೆ ಸೀಳುಗೊರಸಿಲ್ಲ. ಆದುದರಿಂದ ಎರಡೂ ವರ್ಜ್ಯ. ಜಲಚರಗಳಲ್ಲಿ ಈಜುರೆಕ್ಕೆ ಮತ್ತು ಹುರುಪೆ ಇರುವ ಮೀನು ಮಾತ್ರ ಸಲ್ಲುತ್ತದೆ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ಆಜ್ಞೆ ತೋರಾದಲ್ಲಿ ಮೂರು ಸಲ ಬರುತ್ತದೆ. ಇದನ್ನು ಧರ್ಮಪಂಡಿತರು ವಿಸ್ತರಿಸಿ, ಮಾಂಸಕ್ಕೂ ಹಾಲಿಗೂ ಪಾತ್ರೆಗಳೇ ಬೇರೆಯಾಗಬೇಕೆಂದು ನಿಯಮಿಸಿದರು. ಯೋಗ್ಯವಾದ ಆಹಾರಕ್ಕೆ ‘ಕೋಷರ್’ ಎಂದು ಹೆಸರು.

ಏಳನೆಯ ಶತಮಾನದ ಕುರಾನು ಸತ್ತ ಪ್ರಾಣಿ, ರಕ್ತ, ಹಂದಿಯ ಮಾಂಸ, ಅನ್ಯದೇವತೆಗಳಿಗೆ ಅರ್ಪಿಸಿದುದು ಎಂಬ ನಾಲ್ಕನ್ನು ಮುಖ್ಯವಾಗಿ ನಿಷೇಧಿಸುತ್ತದೆ. ಮರುಭೂಮಿಯ ಬಾಳಿಗೆ ಆಧಾರವಾದ ಒಂಟೆ ಇಲ್ಲಿ ‘ಹಲಾಲ್’. ಮಾಂಸ ಮತ್ತು ಹಾಲು ಕೂಡಬಾರದೆಂಬ ಕಟ್ಟಳೆ ಇಲ್ಲ. ಮದ್ಯದ ವಿಷಯದಲ್ಲಿ ಮಾತ್ರ ಇಸ್ಲಾಂ ಹೆಚ್ಚು ಕಠಿಣ: ಯೆಹೂದ್ಯರ ಸಬ್ಬತ್ತು ದ್ರಾಕ್ಷಾರಸದ ಮೇಲಿನ ಸ್ತುತಿಯಿಂದ ಆರಂಭವಾದರೆ, ಮುಸಲ್ಮಾನರಿಗೆ ಅದು ‘ಹರಾಂ’. ಜಲಚರಗಳ ವಿಷಯದಲ್ಲಿ ಇಸ್ಲಾಮಿನಲ್ಲೇ ಭೇದವುಂಟು. ಶಾಫೀ ಪಂಥ ಸಮುದ್ರದ ಜೀವಿಗಳನ್ನು ಬಹುಮಟ್ಟಿಗೆ ಒಪ್ಪುತ್ತದೆ. ಹನಫೀ ಪಂಥ ಏಡಿಯಂಥವನ್ನು ಒಪ್ಪುವುದಿಲ್ಲ. ಕಾಸರಗೋಡಿನ ಕಡಲಂಚಿನ ಮಾಪಿಳ್ಳೆಯರು ಶಾಫೀಗಳು, ದಖ್ಖನಿನ ಮುಸಲ್ಮಾನರು ಬಹುತೇಕ ಹನಫೀಗಳು.

ವಧೆಯ ಕ್ರಮದಲ್ಲಿ ಎರಡೂ ಧರ್ಮಗಳು ಬಹಳ ಸಮೀಪವಾಗಿವೆ. ಹರಿತವಾದ ಕತ್ತಿಯಿಂದ ಕೊರಳನ್ನು ಕೊಯ್ದು ರಕ್ತವನ್ನು ಹರಿಯಬಿಡುವುದು ಎರಡರಲ್ಲೂ ವಿಹಿತ. ಯೆಹೂದ್ಯರಲ್ಲಿ ಈ ಕೆಲಸ ತರಬೇತಿ ಪಡೆದ ‘ಶೋಖೆತ್’ನದು. ಕುರಾನಿನ 5ನೆಯ ಅಧ್ಯಾಯವು ಗ್ರಂಥಸ್ಥರ, ಎಂದರೆ ಯೆಹೂದ್ಯರ ಮತ್ತು ಕ್ರೈಸ್ತರ, ಆಹಾರವನ್ನು ಮುಸಲ್ಮಾನರಿಗೆ ಸಲ್ಲುವುದೆಂದು ಹೇಳುತ್ತದೆ. ಯೆಹೂದಿ ಶಾಸ್ತ್ರವಾದರೋ ಅನ್ಯರು ಕೊಯ್ದ ಮಾಂಸವನ್ನು ಒಪ್ಪುವುದಿಲ್ಲ. ಚದರಿಹೋದ ಸಣ್ಣ ಸಮಾಜಕ್ಕೆ ಊಟದ ಬೇಲಿಯೇ ಕೋಟೆಯಾಗಿತ್ತು.

ಇದಕ್ಕೆ ನಮ್ಮ ನೆರೆಯಲ್ಲೇ ನಿದರ್ಶನವಿದೆ. ಕೊಂಕಣದ ಬೆನೆ ಇಸ್ರೇಲರು ಎಣ್ಣೆ ತೆಗೆಯುವ ಕಸುಬಿನವರಾಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎನಿಸಿಕೊಂಡರು. ಅವರನ್ನು ಪರೀಕ್ಷಿಸಲು ಬಂದ ಯೆಹೂದಿ ಪಂಡಿತನೊಬ್ಬನು ನಾನಾ ಬಗೆಯ ಮೀನುಗಳನ್ನು ಕೊಟ್ಟಾಗ, ಹೆಂಗಸರು ಹುರುಪೆಯಿಲ್ಲದವನ್ನು ಬೇರ್ಪಡಿಸಿದರೆಂಬ ಐತಿಹ್ಯ ಅವರಲ್ಲಿದೆ. ಗ್ರಂಥ ಮರೆತರೂ ಒಲೆ ಮರೆಯಲಿಲ್ಲವೆಂಬುದು ಅದರ ಭಾವ.

ಈ ನಿಷೇಧಗಳ ಕಾರಣವೇನು? 1204ರಲ್ಲಿ ಕೈರೋ ಪ್ರಾಂತದಲ್ಲಿ ತೀರಿಕೊಂಡ ವೈದ್ಯ, ತತ್ತ್ವಜ್ಞ ಮೈಮೊನಿದೀಸನು ಆರೋಗ್ಯದ ಕಾರಣಗಳನ್ನು ಮುಂದಿಟ್ಟನು. ತೋರಾ ಮಾತ್ರ ಹೇಳುವ ಕಾರಣ ಪಾವಿತ್ರ್ಯ. ಪ್ರಾಣಿಗಳ ವರ್ಗೀಕರಣದಲ್ಲೇ ಇದರ ಮರ್ಮವಿದೆಯೆಂದು ಮೇರಿ ಡಗ್ಲಸ್ ಎಂಬ ವಿದುಷಿ 1966ರಲ್ಲಿ ವಾದಿಸಿದರು. ಏನೇ ಇರಲಿ, ಎರಡೂ ಧರ್ಮಗಳು ಪ್ರಾಣಾಪಾಯದಲ್ಲಿ ನಿಷೇಧವನ್ನು ಸಡಿಲಿಸುತ್ತವೆ; ವಿಧಿಗಿಂತ ಜೀವ ದೊಡ್ಡದೆಂದು ಎರಡೂ ಬಲ್ಲವು.

ಈ ವಿಷಯ ಹಳೆಯದಾಗಿಲ್ಲ. ಪ್ರಜ್ಞೆ ತಪ್ಪಿಸದೆ ಪಶುಗಳನ್ನು ಕೊಲ್ಲಬಾರದೆಂದು ಸ್ವಿಟ್ಜರ್ಲೆಂಡು 1893ರಲ್ಲಿ ಜನಮತದಿಂದ ವಿಧಿಸಿತು. 1933ರ ಏಪ್ರಿಲಿನಲ್ಲಿ ನಾಜಿ ಜರ್ಮನಿಯು ಇಂಥದೇ ಕಾನೂನನ್ನು ಯೆಹೂದ್ಯರ ಪೀಡನೆಗೆ ಬಳಸಿತು. ಬೆಲ್ಜಿಯಮ್ಮಿನ ಎರಡು ಪ್ರಾಂತಗಳಲ್ಲಿ 2019ರಲ್ಲಿ ಇದೇ ಬಗೆಯ ನಿಷೇಧ ಬಂದಾಗ ಯೆಹೂದ್ಯರೂ ಮುಸಲ್ಮಾನರೂ ನ್ಯಾಯಾಲಯದ ಮೆಟ್ಟಿಲೇರಿದರು. 2020ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಅಂಥ ಕಾನೂನಿಗೆ ಅವಕಾಶವುಂಟೆಂದಿತು. ಪ್ರಾಣಿದಯೆಯ ಪ್ರಶ್ನೆ ನಿಜವಾದುದೇ. ಅದೇ ಪ್ರಶ್ನೆ ಒಮ್ಮೆ ದ್ವೇಷದ ಮುಸುಕೂ ಆಗಿತ್ತೆಂಬುದನ್ನು ಚರಿತ್ರೆ ಮರೆಯಗೊಡದು.

ಬೇರೆ ಬೇರೆ ಮನೆಗಳ ಬುತ್ತಿಗಳು ಒಂದೇ ಶಾಲೆಯಲ್ಲಿ ಬಿಚ್ಚಿಕೊಳ್ಳುವ ಗಡಿನಾಡಿನವರು ನಾವು. ನೆರೆಯವನ ತಟ್ಟೆಯನ್ನು ಕಂಡು ಮೂಗು ಮುರಿಯುವ ಮೊದಲು ಅದರ ಹಿಂದಿನ ಚರಿತ್ರೆಯನ್ನು ಕೇಳಿ ತಿಳಿಯುವುದನ್ನು ಮಕ್ಕಳಿಗೆ ಕಲಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯ.