ಸಕ್ಕರೆ ಪಾಕದಿಂದ ಹಣ್ಣು-ತರಕಾರಿ ಒಣಗಿಸುವ ವಿಧಾನ

ಹಣ್ಣು ಅಥವಾ ತರಕಾರಿಯ ಹೋಳುಗಳನ್ನು ಗಟ್ಟಿ ಸಕ್ಕರೆ ಪಾಕದಲ್ಲಿ ನೆನೆಸಿ, ಅವುಗಳ ನೀರಿನಂಶವನ್ನು ಕಡಿಮೆ ಮಾಡಿ, ಬಳಿಕ ಬಿಸಿಗಾಳಿಯಲ್ಲಿ ಒಣಗಿಸುವ ಕ್ರಮಕ್ಕೆ ಆಸ್ಮೋಟಿಕ್ ನಿರ್ಜಲೀಕರಣ ಎನ್ನುತ್ತಾರೆ. ಅಮೆರಿಕದ ಕೃಷಿ ಇಲಾಖೆಯ ಪಾಂಟಿಂಗ್ ಮತ್ತು ಸಂಗಡಿಗರು 1966ರಲ್ಲಿ ಹಣ್ಣುಗಳಿಗೆ ಈ ವಿಧಾನವನ್ನು ವಿವರಿಸಿದರು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಇದರ ತಂತ್ರಜ್ಞಾನವನ್ನು ರೂಪಿಸಿದೆ.

ತತ್ತ್ವ: ಹಣ್ಣಿನ ರಸಕ್ಕಿಂತ ಪಾಕ ಗಟ್ಟಿಯಾಗಿರುವುದರಿಂದ ಜೀವಕೋಶಗಳ ಪೊರೆಯ ಮೂಲಕ ನೀರು ಹೊರಬರುತ್ತದೆ; ಸ್ವಲ್ಪ ಸಕ್ಕರೆ ಒಳಸೇರುತ್ತದೆ. ನೀರು ಆವಿಯಾಗದೆ ಹೊರಹೋಗುವುದರಿಂದ ಬಣ್ಣ, ಪರಿಮಳ ಹೆಚ್ಚು ಉಳಿಯುತ್ತವೆ. ಪಾಕವು ಗಾಳಿಯನ್ನು ತಡೆಯುವುದರಿಂದ ಹೋಳುಗಳು ಕಂದಾಗುವುದೂ ಕಡಿಮೆ.

ಮಾಡುವ ಕ್ರಮ: ಹಣ್ಣಾಗಿಯೂ ಗಟ್ಟಿಯಾಗಿರುವ ಅನಾನಸ್, ಮಾವು ಅಥವಾ ಪಪ್ಪಾಯಿಯನ್ನು ಸುಮಾರು 1 ಸೆಂ.ಮೀ. ದಪ್ಪಕ್ಕೆ ಹೆಚ್ಚಬೇಕು. 600 ಗ್ರಾಂ ಸಕ್ಕರೆಗೆ 400 ಗ್ರಾಂ ನೀರು ಸೇರಿಸಿ ಕರಗಿಸಿದರೆ 60 ಬ್ರಿಕ್ಸ್ ಪಾಕವಾಗುತ್ತದೆ. ಸ್ವಲ್ಪ ನಿಂಬೆರಸ ಬೆರೆಸಬಹುದು. ಹೋಳುಗಳು ಪೂರ್ತಿ ಮುಳುಗುವಷ್ಟು ಪಾಕವಿರಲಿ. ನೀರು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಹೊರಬರುತ್ತದೆ, ಆಮೇಲೆ ನಿಧಾನವಾಗುತ್ತದೆ. ನೆನೆದ ಹೋಳುಗಳನ್ನು ಸೋಸಿ, ಶುದ್ಧ ನೀರಿನಲ್ಲಿ ಬೇಗನೆ ತೊಳೆದು, 55ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದ ಡ್ರೈಯರ್‌ನಲ್ಲಿ ಒಣಗಿಸಬೇಕು.

ಮುಖ್ಯ ಎಚ್ಚರಿಕೆ: ಪಾಕದಲ್ಲಿ ನೆನೆಸಿದ ಮಾತ್ರಕ್ಕೆ ಹಣ್ಣು ಕೆಡದಂತೆ ಉಳಿಯದು. ಆಗ ತೂಕ ಇಳಿದಿದ್ದರೂ ಹೋಳಿನೊಳಗೆ ಬಹಳಷ್ಟು ನೀರು ಬಾಕಿ ಇರುತ್ತದೆ. ಒಣಗಿಸುವುದನ್ನು ಅರ್ಧಕ್ಕೆ ಬಿಟ್ಟರೆ ಹುಳಿ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಮುರಿದ ಹೋಳನ್ನು ಹಿಸುಕಿದಾಗ ತೇವ ಕಾಣಬಾರದು. ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮಳೆಗಾಲದಲ್ಲಿ ಆಗಾಗ ತೆರೆದು ನೋಡಬೇಕು. ಬೂಷ್ಟು ಬಂದ ಬಳಿಕ ಎಸೆಯುವುದಕ್ಕಿಂತ ಅದು ಬಾರದಂತೆ ಕಾಯುವುದೇ ಅಹಿಂಸೆಗೆ ಒಪ್ಪುವ ಕ್ರಮ.

ತರಕಾರಿಗಳಿಗೆ: ಬೂದುಗುಂಬಳದಂಥವು ಸಿಹಿಗೆ ಹೊಂದುತ್ತವೆ. ಇತರ ತರಕಾರಿಗಳಿಗೆ ಸಕ್ಕರೆಯೊಂದಿಗೆ ಉಪ್ಪನ್ನೂ ಸೇರಿಸುವುದುಂಟು. ಕ್ಯಾರೆಟ್, ಬೀಟ್‌ರೂಟ್‌ಗೂ ಈ ವಿಧಾನ ಬಳಕೆಯಲ್ಲಿದೆ. ಗೆಡ್ಡೆಗಳನ್ನು ವರ್ಜಿಸಿದವರು ಕೊಳ್ಳುವಾಗ ಪದಾರ್ಥಗಳ ಪಟ್ಟಿ ಓದಬೇಕು. ಕೆಲವೆಡೆ ಪಾಕಕ್ಕೆ ಜೇನನ್ನೂ ಬಳಸುತ್ತಾರೆ. ಮಧುತ್ಯಾಗ ಮಾಡಿದವರಿಗೆ ಸಕ್ಕರೆ ಪಾಕವೇ ಸಾಕು, ಫಲದಲ್ಲಿ ಕೊರತೆಯಾಗದು. ಆಹಾರದ ಕಾಲಮರ್ಯಾದೆ ಪಾಲಿಸುವವರು ನೆನೆಸುವ ಮತ್ತು ಇಡುವ ಅವಧಿಯನ್ನು ತಮ್ಮ ನಿಯಮದಂತೆ ನಿರ್ಧರಿಸಿಕೊಳ್ಳಬೇಕು.

ಒಣಗಿದ ಹೋಳುಗಳಲ್ಲಿ ಹಣ್ಣಿನ ಸಿಹಿಯೊಂದಿಗೆ ಪಾಕದ ಸಕ್ಕರೆಯೂ ಇರುವುದರಿಂದ ಮಧುಮೇಹಿಗಳು ಮಿತಿ ಮೀರಬಾರದು. ಉಳಿದ ಪಾಕದಲ್ಲಿ ಹಣ್ಣಿನ ರಸ ಬೆರೆತಿರುತ್ತದೆ. ಅದನ್ನು ಚೆಲ್ಲದೆ ಕುದಿಸಿ ಅಂದೇ ಪಾನಕಕ್ಕೆ ಬಳಸಬಹುದು.