ಬೆಣೆಯಿಂದ ಬೋಲ್ಟಿಗೆ: ಸೈಕಲ್ ಕ್ರ್ಯಾಂಕಿನ ಕತೆ

ಏರು ಹತ್ತುವಾಗ ಮಾತ್ರ ಕೇಳುತ್ತಿದ್ದ ಸದ್ದು ಅದು. ಎಡಗಾಲು ಪೆಡಲ್ ಒತ್ತಿದಾಗಲೆಲ್ಲ ‘ಕಟಕ್’. ಪೆಡಲಿಗೆ ಎಣ್ಣೆ ಬಿಟ್ಟೆ, ಚೈನು ಒರೆಸಿದೆ. ಸದ್ದು ಹೋಗಲಿಲ್ಲ. ಎರಡು ವಾರ ಹಾಗೆಯೇ ಓಡಿಸಿದೆ. ಕೊನೆಗೊಂದು ದಿನ ಎಡಗಡೆಯ ಕ್ರ್ಯಾಂಕನ್ನು, ಅಂದರೆ ಪೆಡಲನ್ನು ಹೊತ್ತ ಆ ತೋಳನ್ನು, ಹಿಡಿದು ಅಲ್ಲಾಡಿಸಿದರೆ ಸಡಿಲ ಹಲ್ಲಿನಂತೆ ಆಡಿತು. ಬೋಲ್ಟ್ ಬಿಗಿ ಮಾಡಿದೆ. ಮರುದಿನ ಮತ್ತೆ ಸಡಿಲ. ಬಲವೆಲ್ಲ ಹಾಕಿ ತಿರುಗಿಸಿದೆ. ಮತ್ತೆ ಅದೇ. ಕಳಚಿ ನೋಡಿದಾಗ, ಚೌಕವಾಗಿರಬೇಕಿದ್ದ ತೂತಿನ ಮೂಲೆಗಳು ಸವೆದು ದುಂಡಗಾಗಿದ್ದವು. ಬೋಲ್ಟಿಗೆ ಏನೂ ಆಗಿರಲಿಲ್ಲ. ಕ್ರ್ಯಾಂಕ್ ಮಾತ್ರ ಗುಜರಿ ಪಾಲಾಯಿತು.

ಬೋಲ್ಟ್ ಗಟ್ಟಿಯಾಗಿದ್ದೂ ಕ್ರ್ಯಾಂಕ್ ಹಾಳಾದದ್ದು ಹೇಗೆ? ಉತ್ತರಕ್ಕಾಗಿ ಸೈಕಲ್ಲಿನ ಚರಿತ್ರೆಯನ್ನೇ ಕೆದಕಬೇಕಾಯಿತು.

1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿದ ಎರಡು ಚಕ್ರದ ಗಾಡಿಗೆ ಕ್ರ್ಯಾಂಕೇ ಇರಲಿಲ್ಲ. ಕೂತವನು ಕಾಲಿನಿಂದ ನೆಲವನ್ನು ಒದ್ದು ಮುಂದೆ ಹೋಗಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನ ಮಿಶೋ ಕಾರ್ಖಾನೆಯ ಗಾಡಿಗಳಲ್ಲಿ ಮುಂದಿನ ಚಕ್ರದ ಇರುಸಿಗೆ ಕ್ರ್ಯಾಂಕ್ ಬಂತು. ಅದರೊಂದಿಗೇ ಒಂದು ಪ್ರಶ್ನೆಯೂ ಬಂತು: ಉದ್ದನೆಯ ತೋಳೊಂದನ್ನು ತೆಳ್ಳನೆಯ ಇರುಸಿಗೆ ಅಲುಗದಂತೆ ಹಿಡಿಸುವುದು ಹೇಗೆ? 60 ಕೆ.ಜಿ. ತೂಕದವರು 17 ಸೆಂಟಿಮೀಟರ್ ಉದ್ದದ ಕ್ರ್ಯಾಂಕಿನ ತುದಿಯಲ್ಲಿ ಎದ್ದು ನಿಂತರೆ ಆ ಬೆಸುಗೆಯಿಲ್ಲದ ಜೋಡಣೆಯ ಮೇಲೆ ಸುಮಾರು 100 ನ್ಯೂಟನ್ ಮೀಟರಿನಷ್ಟು ತಿರುಚು ಬಲ ಬೀಳುತ್ತದೆ. ಅದೂ ಪ್ರತಿ ಸುತ್ತಿಗೂ.

1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ ತಂದಾಗ ಕ್ರ್ಯಾಂಕು ಎರಡು ಚಕ್ರಗಳ ನಡುವಿಗೆ ಬಂದು, ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸತೊಡಗಿತು. ಇಂಥ ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಹಿಡಿಸಲು ದಶಕಗಳ ಕಾಲ ಬಳಕೆಯಲ್ಲಿದ್ದದ್ದು ಕಾಟರ್ ಪಿನ್. ನಮ್ಮ ಕಪ್ಪು ಸೈಕಲ್ಲುಗಳು ಇಂಗ್ಲಿಷ್ ರೋಡ್‌ಸ್ಟರಿನ ವಂಶದವು. ಹಾಗಾಗಿ ಹಾಲಿನ ಕ್ಯಾನು ಹೊತ್ತು ಬರುವ ಸೈಕಲ್ಲಿನಲ್ಲಿ ಇಂದಿಗೂ ಈ ಪಿನ್ ಕಾಣಸಿಗುತ್ತದೆ.

ಕಾಟರ್ ಪಿನ್ ಎಂದರೆ ಒಂದು ಬದಿ ಓರೆಯಾಗಿ ಚಪ್ಪಟೆ ಮಾಡಿದ ಉಕ್ಕಿನ ಬೆಣೆ. ಕೊಡಲಿಯ ಕಾವು ಸಡಿಲಾದಾಗ ಬೆಣೆ ಹೊಡೆಯುತ್ತೇವಲ್ಲ, ಅದೇ ಉಪಾಯ. ಇರುಸಿನಲ್ಲಿ ಕೊರೆದ ಚಪ್ಪಟೆ ಜಾಗಕ್ಕೆ ಪಿನ್ನಿನ ಚಪ್ಪಟೆ ಬದಿ ಒತ್ತಿ ಕೂರುತ್ತದೆ. ಅದರ ತುದಿಯಲ್ಲೊಂದು ಪುಟ್ಟ ನಟ್. ಹೊಸಬರು ನಟ್ ತಿರುಗಿಸಿಯೇ ಪಿನ್ನನ್ನು ಒಳಗೆಳೆಯಲು ನೋಡುತ್ತಾರೆ. ಆಗ ಥ್ರೆಡ್ ಹೋಗುತ್ತದೆ, ಬೆಣೆ ಮಾತ್ರ ಕೂರುವುದಿಲ್ಲ. ಪಳಗಿದ ಮೆಕ್ಯಾನಿಕ್ ಕ್ರ್ಯಾಂಕಿನ ಕೆಳಗೆ ಕಬ್ಬಿಣದ ತುಂಡೊಂದನ್ನು ಆಸರೆ ಕೊಟ್ಟು, ಒಳಗಿನ ಬಾಲ್‌ಗಳಿಗೆ ಪೆಟ್ಟು ತಾಗದಂತೆ, ಪಿನ್ನನ್ನು ಸುತ್ತಿಗೆಯಿಂದ ಕೂರಿಸುತ್ತಾನೆ. ಆಮೇಲೆ ನಟ್ ಹಾಕುತ್ತಾನೆ. ನಟ್ಟಿನ ಕೆಲಸ ಪಿನ್ ಬೀಳದಂತೆ ಕಾಯುವುದು ಅಷ್ಟೇ.

1930ರ ದಶಕದಲ್ಲಿ ಫ್ರಾನ್ಸಿನ ಸ್ಟ್ರಾಂಗ್‌ಲೈಟ್ ಕಂಪನಿ ಅಲ್ಯೂಮಿನಿಯಮ್ ಕ್ರ್ಯಾಂಕುಗಳನ್ನು ತಂದಿತು. ಹಗುರವಾದ ಆ ಲೋಹ ಸುತ್ತಿಗೆ ಪೆಟ್ಟಿನ ಬೆಣೆಯನ್ನು ತಾಳಿಕೊಳ್ಳುವಷ್ಟು ಗಟ್ಟಿಯಲ್ಲ. ಅದಕ್ಕೆ ಇರುಸಿನ ತುದಿಯನ್ನೇ ಚೌಕ ಮಾಡಿ, ಪ್ರತಿ ಬದಿಯನ್ನೂ ಸುಮಾರು 2 ಡಿಗ್ರಿ ಓರೆ ಮಾಡಿದರು. ಕ್ರ್ಯಾಂಕಿನ ತೂತೂ ಅದೇ ಆಕಾರದ್ದು. ಇರುಸಿನ ತುದಿಗೆ ತಿರುಗಿಸುವ ಬೋಲ್ಟ್ ಕ್ರ್ಯಾಂಕನ್ನು ಆ ಓರೆಯ ಮೇಲೆ ಹತ್ತಿಸುತ್ತದೆ. 1958ರಲ್ಲಿ ಇಟಲಿಯ ಕಂಪನ್ಯೊಲೊ ಕೂಡ ಇಂಥದ್ದನ್ನು ತಂದಿತು. ಮುಂದೆ ಇದು ಜಗತ್ತಿನೆಲ್ಲೆಡೆ ಸಾಮಾನ್ಯವಾಯಿತು. ನನ್ನ ಸೈಕಲ್ಲಿನಲ್ಲಿದ್ದದ್ದೂ ಇದೇ.

ಇಲ್ಲಿ ನನ್ನ ತಪ್ಪು ನನಗೆ ತಿಳಿಯಿತು. ಕಾಟರ್ ಪಿನ್ ಕಣ್ಮರೆಯಾದರೂ ಬೆಣೆ ಹೋಗಿರಲಿಲ್ಲ, ಇರುಸೇ ಬೆಣೆಯಾಗಿತ್ತು. ಕಾಲಿನ ಬಲವನ್ನು ಹೊರುವುದು ಒಂದಕ್ಕೊಂದು ಒತ್ತಿ ಕೂತ ಆ ನಾಲ್ಕು ಮುಖಗಳು. ಬೋಲ್ಟ್ ಅವುಗಳನ್ನು ಒತ್ತಿ ಕೂರಿಸುವ ಸುತ್ತಿಗೆ. ಒತ್ತಡ ಕಡಿಮೆಯಾದರೆ ಉಕ್ಕಿನ ಮೂಲೆಗಳು ಮೆತ್ತಗಿನ ಅಲ್ಯೂಮಿನಿಯಮ್ಮನ್ನು ತಿನ್ನತೊಡಗುತ್ತವೆ. ಒಮ್ಮೆ ತೂತು ದುಂಡಗಾದ ಮೇಲೆ ಎಷ್ಟು ಬಿಗಿದರೂ ಆ ಮುಖಗಳು ಮತ್ತೆ ಕೂಡಿಕೊಳ್ಳುವುದಿಲ್ಲ. ನಾನು ‘ಕಟಕ್’ ಕೇಳುತ್ತ ಓಡಿಸಿದ ಎರಡು ವಾರದಲ್ಲಿ ಆದದ್ದು ಇದೇ.

ಹಾಗಾದರೆ ಎಷ್ಟು ಬಿಗಿಯಬೇಕು? ಈ ಬಗೆಯ ಕ್ರ್ಯಾಂಕಿಗೆ ಸಾಮಾನ್ಯವಾಗಿ 35ರಿಂದ 50 ನ್ಯೂಟನ್ ಮೀಟರ್. ಟಾರ್ಕ್ ವ್ರೆಂಚ್ ಇಲ್ಲದವರಿಗೆ ಒಂದು ಅಂದಾಜು: ಬೋಲ್ಟಿನಿಂದ 20 ಸೆಂಟಿಮೀಟರ್ ದೂರದಲ್ಲಿ ಸ್ಪ್ಯಾನರ್ ಹಿಡಿದು, ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನಿನ ಭಾರದಷ್ಟು ಒತ್ತಿದರೆ ಸುಮಾರು 40 ಆಗುತ್ತದೆ. ಬಿಗಿಯುವ ಮೊದಲು ಇರುಸನ್ನೂ ತೂತನ್ನೂ ಒರೆಸಿ, ಬೋಲ್ಟಿನ ಥ್ರೆಡ್ಡಿಗೂ ತಲೆಯ ಕೆಳಗೂ ಗ್ರೀಸ್ ಹಚ್ಚಬೇಕು. ಇಲ್ಲದಿದ್ದರೆ ಹಾಕಿದ ಬಲವೆಲ್ಲ ಬೋಲ್ಟಿನ ತಿಕ್ಕಾಟಕ್ಕೇ ಹೋಗುತ್ತದೆ. ಹೊಸದಾಗಿ ಕೂರಿಸಿದ್ದನ್ನು ಒಂದು ಸವಾರಿಯಾದ ಮೇಲೆ ಅದೇ ಅಳತೆಗೆ ಮತ್ತೊಮ್ಮೆ ನೋಡಬೇಕು. ಹಾಗೆಂದು ವಾರವಾರವೂ ಬಿಗಿಯುವುದೂ ಸಲ್ಲ. ಓರೆಗೆ ತಡೆಯೆಂಬುದಿಲ್ಲ. ಪ್ರತಿ ಬಿಗಿತಕ್ಕೂ ಕ್ರ್ಯಾಂಕ್ ಇನ್ನಷ್ಟು ಮೇಲೇರುತ್ತ ತೂತು ಹಿಗ್ಗುತ್ತದೆ, ಕೊನೆಗೆ ಸೀಳಲೂಬಹುದು.

ಈಗಿನ ಅನೇಕ ಸೈಕಲ್ಲುಗಳಲ್ಲಿ ಇರುಸು ಟೊಳ್ಳು. ಎಡ ಕ್ರ್ಯಾಂಕನ್ನು ಎರಡು ಸಣ್ಣ ಬೋಲ್ಟುಗಳು ಅದುಮಿ ಹಿಡಿಯುತ್ತವೆ. ಶಿಮಾನೊ ಕಂಪನಿಯ ಇಂಥ ಕ್ರ್ಯಾಂಕುಗಳಿಗೆ 12ರಿಂದ 14 ನ್ಯೂಟನ್ ಮೀಟರ್ ಸಾಕು, ಆದರೆ ಎರಡನ್ನೂ ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಇಲ್ಲಿ ಬೆಣೆಯೂ ಇಲ್ಲ. ಹಳೆಯ ಸೈಕಲ್ಲಿನ ಕೈ ಅಭ್ಯಾಸದಲ್ಲಿ 40ರಷ್ಟು ಬಿಗಿದರೆ ಇದು ಹಾಳಾಗುತ್ತದೆ.

ಹೊಸ ಕ್ರ್ಯಾಂಕನ್ನು ನಾನೇ ಕೂರಿಸಿದೆ. ಮರುದಿನ ಅದೇ ಏರು ಹತ್ತುವಾಗ ಉಸಿರಿಗಿಂತ ಹೆಚ್ಚಾಗಿ ಎಡಗಾಲಿನ ಕಡೆ ಗಮನವಿತ್ತು. ಚೈನಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಮನೆಗೆ ಬಂದು, ಮತ್ತೊಮ್ಮೆ ಸ್ಪ್ಯಾನರ್ ಹಿಡಿದು ನೋಡಿದೆ. ಬೋಲ್ಟ್ ಕೂದಲೆಳೆಯಷ್ಟು ತಿರುಗಿ ನಿಂತಿತು. ಅಲ್ಲಿಗೆ ನಾನೂ ಕೈ ತೆಗೆದೆ.