ಪಟಾನ್‌ಚೆರು ದಾರಿಯಲ್ಲಿ ಒಂದು ಆಪರೇಷನ್ ಪ್ರಶ್ನೆ

ಬೀದರ್‌ನಿಂದ ಹೊರಟ ಬಸ್ಸು ಜಹೀರಾಬಾದ್, ಸಂಗಾರೆಡ್ಡಿ ದಾಟಿ ಪಟಾನ್‌ಚೆರು ಮುಟ್ಟಿತೆಂದರೆ ಹೈದರಾಬಾದ್ ಬಂದಂತೆಯೇ ಲೆಕ್ಕ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಬದಲಾಯಿತು, ಬೀದರ್ ಕಡೆಯವರ ದೊಡ್ಡಾಸ್ಪತ್ರೆಯ ದಾರಿ ಬದಲಾಗಲಿಲ್ಲ. ಬೆಂಗಳೂರು ಅಲ್ಲಿಂದ ಸುಮಾರು 700 ಕಿಲೋಮೀಟರ್, ಹೈದರಾಬಾದ್ 140ರ ಆಸುಪಾಸು. ಪಾರ್ಕಿನ್ಸನ್ ಕಾಯಿಲೆಯವರನ್ನು ಪಂಜಾಗುಟ್ಟದ ನಿಮ್ಸ್‌ಗೋ ಖಾಸಗಿ ಆಸ್ಪತ್ರೆಗೋ ಕರೆದೊಯ್ಯುವ ಮನೆಯವರೂ ಇದೇ ರಸ್ತೆ ಹಿಡಿಯುತ್ತಾರೆ. ಮಾತ್ರೆ ಸಾಲದಾದಾಗ ಮೆದುಳಿನ ಆಪರೇಷನ್ ಮಾತು ಬರುತ್ತದೆ, ತಲೆಗೆ ಕೈ ಹಾಕಿಸಿಕೊಳ್ಳುವ ಧೈರ್ಯ ಇದೆಯೇ ಎಂದು ನೆಂಟರೆಲ್ಲ ಕೇಳುತ್ತಾರೆ. ಈ ಚಿಕಿತ್ಸೆ ನಡೆದುಬಂದ ದಾರಿ ನೋಡಿದರೆ ನಿರ್ಧಾರದ ಭಾರ ಧೈರ್ಯಕ್ಕಿಂತ ಓಡಾಟದ ಮೇಲೆ ಹೆಚ್ಚು ಬಿದ್ದಿದೆ ಎನ್ನಿಸುತ್ತದೆ.

ಮಾತ್ರೆ ಬರುವ ಮೊದಲು ಆಯ್ಕೆಯೇ ಇಕ್ಕಟ್ಟಾಗಿತ್ತು. ಒಂದೋ ನಡುಗುತ್ತ ಕೂರಬೇಕು, ಇಲ್ಲವೇ ಮೆದುಳಿನ ಸಣ್ಣ ಭಾಗವೊಂದನ್ನು ಸುಡಿಸಿಕೊಳ್ಳಬೇಕು. 1952ರಲ್ಲಿ ಅಮೆರಿಕದ ಇರ್ವಿಂಗ್ ಕೂಪರ್ ಆಪರೇಷನ್ ನಡುವೆ ಅಕಸ್ಮಾತ್ ಒಂದು ರಕ್ತನಾಳವನ್ನು ಕಟ್ಟಬೇಕಾಯಿತು. ರೋಗಿಯ ನಡುಕ ನಿಂತಿತು. ನಮ್ಮಲ್ಲಿ ಮದರಾಸಿನ ಬಿ. ರಾಮಮೂರ್ತಿ, ವಿ. ಬಾಲಸುಬ್ರಮಣಿಯಂ, ಟಿ.ಎಸ್. ಕನಕಾ ನಡುಕ ನಿಲ್ಲಿಸುವ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. ಮುಂದೆ ನಿಮ್ಹಾನ್ಸ್‌ನ ಮೊದಲ ನಿರ್ದೇಶಕರಾದ ಆರ್.ಎಂ. ವರ್ಮ ಬೆಂಗಳೂರಿನಲ್ಲಿ ತಮ್ಮದೇ ವಿಧಾನ ಕಂಡುಕೊಂಡರು. ಬುರುಡೆಗೆ ತೂತು ಕೊರೆಯದೆ, ಕೆನ್ನೆಯ ಕಡೆಯಿಂದ ಸೂಜಿ ತೂರಿಸಿ, ಬುರುಡೆಯ ತಳದಲ್ಲಿ ಹುಟ್ಟಿನಿಂದಲೇ ಇರುವ ಫೊರಾಮೆನ್ ಓವಾಲೆ ಎಂಬ ರಂಧ್ರದ ಮೂಲಕ ಮೆದುಳಿನೊಳಗೆ ಮದ್ದು ಬಿಡುವುದು. ದುಬಾರಿ ಸಲಕರಣೆ ಇಲ್ಲದ ನಾಡಿಗೆ ಒಪ್ಪುವ ಜಾಣ್ಮೆ ಇದು. ಮಾಡಿದ್ದನ್ನು ಹಿಂತೆಗೆಯುವಂತಿರಲಿಲ್ಲ ನಿಜ, ಆದರೆ ರೋಗಿ ಮನೆಗೆ ಹೋದ ಮೇಲೆ ಅವನ ದೇಹದಲ್ಲಿ ಆಸ್ಪತ್ರೆಯ ಸಾಮಾನೇನೂ ಉಳಿಯುತ್ತಿರಲಿಲ್ಲ.

1967ರಲ್ಲಿ ಜಾರ್ಜ್ ಕೊಟ್ಜಿಯಾಸ್ ಹೆಚ್ಚಿನ ಪ್ರಮಾಣದ ಡೋಪಾ ಮಾತ್ರೆಯ ಗುಣ ತೋರಿಸಿಕೊಟ್ಟರು, ಸೂಜಿ ಮೂಲೆ ಸೇರಿತು. ವರ್ಷಗಳು ಕಳೆದಂತೆ ಮಾತ್ರೆಯ ಮಿತಿಯೂ ಕಂಡಿತು: ಹಿಡಿಯುವ ಹೊತ್ತು ಕುಗ್ಗುವುದು, ಹಿಡಿದಾಗ ಮೈಯೆಲ್ಲ ತಾನಾಗಿ ತಿರುಚುವುದು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ತಂಡ ಸುಡುವ ಬದಲು ವಿದ್ಯುತ್ ಹರಿಸಿ ನಡುಕ ಹಿಡಿದಿಟ್ಟಿತು. ಇಂದು ಡಿಬಿಎಸ್ ಎನ್ನುವುದು ಇದರ ಮುಂದುವರಿಕೆ. ಮೆದುಳಿನಲ್ಲಿ ತಂತಿ, ಎದೆಯ ಚರ್ಮದಡಿ ಬ್ಯಾಟರಿ. ಬೇಡವೆಂದರೆ ಆರಿಸಬಹುದು ಎಂಬುದೇ ಇದರ ಹೆಗ್ಗಳಿಕೆ. ಆರಿಸಬಹುದಾದ ಯಂತ್ರವನ್ನು ಹೊಂದಿಸುತ್ತಲೂ ಇರಬೇಕು! ವಿದ್ಯುತ್ತನ್ನು ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ಹದಗೊಳಿಸಬೇಕು, ಚಾರ್ಜ್ ಆಗದ ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಹಾಗಾಗಿ ಲಕ್ಷಗಟ್ಟಲೆ ಖರ್ಚೂ ಹೈದರಾಬಾದ್ ಓಡಾಟವೂ ಆಪರೇಷನ್ ದಿನಕ್ಕೇ ಮುಗಿಯುವುದಿಲ್ಲ.

ಎಲ್ಲರಿಗೂ ಇದು ಒಗ್ಗುವುದೂ ಇಲ್ಲ. ಯಾರಿಗೆ ಒಗ್ಗೀತೆಂದು ನೋಡುವ ಪರೀಕ್ಷೆಯ ದಿನ ರೋಗಿಯನ್ನು ಹಿಂದಿನ ರಾತ್ರಿಯಿಂದ ಮಾತ್ರೆಯಿಲ್ಲದೆ ಇಟ್ಟು ಬೆಳಿಗ್ಗೆ ಕುರ್ಚಿಯಿಂದ ಏಳಿಸುತ್ತಾರೆ, ನಡೆಸುತ್ತಾರೆ, ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳಿ ಅಂಕ ಹಾಕುತ್ತಾರೆ. ಮಾತ್ರೆ ಕೊಟ್ಟು, ಅದು ಹತ್ತಿದ ಮೇಲೆ ಅದನ್ನೇ ಮತ್ತೆ ಮಾಡಿಸುತ್ತಾರೆ. ಅಂಕದಲ್ಲಿ ಮೂರರಲ್ಲೊಂದು ಪಾಲಾದರೂ ಸುಧಾರಣೆ ಕಂಡರೆ ಆಪರೇಷನ್ ಫಲಿಸುವ ಭರವಸೆ. ನಡುಕವೊಂದನ್ನು ಬಿಟ್ಟರೆ, ಮಾತ್ರೆಗೆ ಬಗ್ಗದ್ದು ತಂತಿಗೂ ಬಗ್ಗುವುದು ಅಪರೂಪ. ಮರೆವು, ತೊದಲು, ಆಯ ತಪ್ಪಿ ಬೀಳುವುದು ಹೆಚ್ಚಾಗಿ ಹಾಗೇ ಉಳಿಯುತ್ತವೆ. ಮಗ ಸಾಲ ಮಾಡುವ ಮೊದಲು ಕೇಳಿಸಿಕೊಳ್ಳಬೇಕಾದ ಮಾತು ಇದು.

ಪ್ರಾಣಭಯವೇನು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ, ಮೆದುಳಿನಲ್ಲಿ ರಕ್ತಸ್ರಾವವಾಗುವ, ಸೋಂಕು ತಗಲುವ ಅಪಾಯ ಇದ್ದೇ ಇದೆ. ಆದರೆ ಭಯಕ್ಕೆ ಮುಂದೂಡುತ್ತ ಹೋದವರು ಎಪ್ಪತ್ತು ದಾಟಿ, ಮರೆವು ಹತ್ತಿದ ಮೇಲೆ ಬಂದರೆ ವೈದ್ಯರೇ ಬೇಡವೆನ್ನುವುದುಂಟು. 2013ರಲ್ಲಿ ಪ್ರಕಟವಾದ ಅರ್ಲಿಸ್ಟಿಮ್ ಅಧ್ಯಯನದ 251 ರೋಗಿಗಳ ಸರಾಸರಿ ವಯಸ್ಸು ಸುಮಾರು 52. ಅವರಲ್ಲಿ ಆಪರೇಷನ್ ಆದವರ ಬದುಕಿನ ಗುಣಮಟ್ಟ ಬರೀ ಔಷಧಿಯಲ್ಲಿದ್ದವರಿಗಿಂತ ಚೆನ್ನಾಗಿತ್ತು. ಹಾಗೆಂದು ಬೇಗ ಮಾಡಿಸಿ ಎಂದು ಎಲ್ಲರಿಗೂ ಹೇಳಲಾಗದು. ಆ ರೋಗಿಗಳು ಫ್ರಾನ್ಸ್, ಜರ್ಮನಿಯವರು, ಅಲ್ಲಿನ ವಿಮೆ ಬೇರೆ. ದೂರದಿಂದಲೇ ಯಂತ್ರ ಹೊಂದಿಸುವ ಸೌಲಭ್ಯ ಬಂದಿದೆಯಲ್ಲ ಎಂಬ ಮಾತಿಗೂ ತೂಕವಿದೆ, ಆದರೆ ಬ್ಯಾಟರಿ ಬದಲಿಸಲು ಪಟಾನ್‌ಚೆರು ದಾಟಲೇಬೇಕು. ಇತ್ತ ಸುಡುವ ವಿಧಾನವೂ ಮರಳಿದೆ: ಬುರುಡೆ ತೆರೆಯದೆ ಅಲ್ಟ್ರಾಸೌಂಡ್ ಅಲೆಗಳನ್ನು ಒಂದೆಡೆ ಸೇರಿಸಿ ಸುಡುವ ಚಿಕಿತ್ಸೆಗೆ 2018ರಲ್ಲಿ ಅಮೆರಿಕ, ನಡುಕವೇ ಮುಖ್ಯವಾಗಿರುವ ಪಾರ್ಕಿನ್ಸನ್ ರೋಗಿಗಳಿಗಾಗಿ, ಒಪ್ಪಿಗೆ ಕೊಟ್ಟಿತು. ಅಲ್ಲಿ ತಂತಿಯಿಲ್ಲ, ಬ್ಯಾಟರಿಯಿಲ್ಲ. ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಗುಣ, ಸುಟ್ಟದ್ದು ಸುಟ್ಟಿತು. ವರ್ಮರ ಕಾಲದ ಲೆಕ್ಕವನ್ನು ಬೀದರ್‌ನ ಮನೆಗಳು ಮತ್ತೊಮ್ಮೆ ಹಾಕಬೇಕಾಗಿ ಬಂದಿದೆ.